ಪ್ಯಾಚ್ ಕೂರುತ್ತಿಲ್ಲವೇ? ಮೊದಲು ಸಾಲಿನ ತುದಿ ನೋಡಿ

ಕೋಲಾರದ ಎಪಿಎಂಸಿಯಲ್ಲಿ ಟೊಮೊಟೊ ಹರಾಜು ಶುರುವಾದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಲೆಕ್ಕವೆಲ್ಲ 15 ಕೆಜಿ ಬಾಕ್ಸಿನಲ್ಲಿ. ಅಲ್ಲಿನ ಒಂದು ಮಂಡಿಗೆ ಚಿಕ್ಕದೊಂದು ಬಿಲ್ ಪ್ರೋಗ್ರಾಂ ಇದೆ. ಬರೆದವನು ನನ್ನ ಗೆಳೆಯ, ಈಗ ಬೆಂಗಳೂರಿನಲ್ಲಿದ್ದಾನೆ. ನೋಡಿಕೊಳ್ಳುವವನು ನಾನು. ಒಂದು ದಿನ ಬೆಳಗ್ಗೆ ಮಂಡಿಯ ಗುಮಾಸ್ತರು ಫೋನ್ ಮಾಡಿದರು. ‘ಏನಪ್ಪಾ, ನಿಮ್ಮ ಪ್ರೋಗ್ರಾಂ ಹಮಾಲಿ ಎರಡು ಸಲ ಹಾಕ್ತಾ ಇದೆ. ರೈತರು ನನ್ನ ಮೈಮೇಲೆ ಬರ್ತಾರೆ.’

ಗೆಳೆಯನಿಗೆ ಹೇಳಿದೆ. ಅವನು ಅರ್ಧ ಗಂಟೆಯಲ್ಲಿ ಪ್ಯಾಚ್ ಕಳಿಸಿದ, ಅಂದರೆ ಪ್ರೋಗ್ರಾಮಿನಲ್ಲಿ ಎಲ್ಲಿ ಏನು ಬದಲಿಸಬೇಕು ಅಂತ ಬರೆದ ಚಿಕ್ಕ ಫೈಲು. ಬರೀ ಮೂರು ಸಾಲಿನ ಬದಲಾವಣೆ. ಗುಮಾಸ್ತರಿಂದ ಮಂಡಿಯ ಫೋಲ್ಡರ್ ತರಿಸಿಕೊಂಡು, ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲಿ ಪ್ಯಾಚ್ ಹಾಕಿದೆ. ತೆರೆಯ ಮೇಲೆ ಬಂದದ್ದು ‘ಹಂಕ್ 1 ಫೇಲ್ಡ್ ಅಟ್ 41’, ಅಂದರೆ ಪ್ಯಾಚಿನ ಮೊದಲ ತುಂಡು (ಹಂಕ್) 41ನೆಯ ಸಾಲಿನಲ್ಲಿ ಕೂರಲಿಲ್ಲ. ಪಕ್ಕದಲ್ಲೇ ‘ಡಿಫರೆಂಟ್ ಲೈನ್ ಎಂಡಿಂಗ್ಸ್’, ಅಂದರೆ ಸಾಲಿನ ತುದಿ ಬೇರೆ ಬೇರೆ, ಅಂತಲೂ ಇತ್ತು. ನಾನು ಮೊದಲ ಅರ್ಧ ಓದಿದೆ, ಎರಡನೆಯ ಅರ್ಧ ಓದಲಿಲ್ಲ. ಅಲ್ಲಿಂದ ಇಡೀ ದಿನ ಹಾಳಾಯಿತು. ಆ ದಿನ ಮಾಡಿದ ತಪ್ಪುಗಳಿಂದಲೇ ಈ ಕೈಪಿಡಿ ಬಂದಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡುಗಳನ್ನು ಫೋನಿನಲ್ಲಿ ಓದಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಗುಮಾಸ್ತರಿಗೂ ಹಾಗೇ ಹೇಳುತ್ತೇನೆ, ಕೆಲಸ ನಡೆಯುತ್ತದೆ.

ಕಣ್ಣಿಗೆ ಕಾಣದ ಎರಡು ಅಕ್ಷರ

ತಾಲ್ಲೂಕು ಕಚೇರಿಯ ಎದುರು ಮರದ ಕೆಳಗೆ ಕೂತು ಅರ್ಜಿ ಟೈಪ್ ಮಾಡುತ್ತಿದ್ದವರನ್ನು ನೋಡಿದ್ದೀರಲ್ವಾ? ಸಾಲು ಮುಗಿದಾಗ ಎಡಗೈಯಲ್ಲಿ ಒಂದು ಕಡ್ಡಿ ತಳ್ಳುತ್ತಿದ್ದರು. ಆ ಒಂದೇ ತಳ್ಳಿನಲ್ಲಿ ಎರಡು ಕೆಲಸ ಆಗುತ್ತಿತ್ತು. ಕಾಗದ ಒಂದು ಸಾಲು ಮೇಲೆ ಹೋಗುತ್ತಿತ್ತು, ಗಾಡಿ ಸಾಲಿನ ಶುರುವಿಗೆ ಬರುತ್ತಿತ್ತು. ಟೆಲಿಪ್ರಿಂಟರ್ ಬಂದಾಗ ಈ ಎರಡು ಕೆಲಸಕ್ಕೆ ಎರಡು ಬೇರೆ ಸಂಕೇತ ಇಟ್ಟರು. ಗಾಡಿ ವಾಪಸ್ ಬರುವುದು ಕ್ಯಾರೇಜ್ ರಿಟರ್ನ್, ಅಂದರೆ ಸಿಆರ್. ಅಕ್ಷರಗಳಿಗೆ ನಂಬರ್ ಕೊಡುವ ಆಸ್ಕಿ ಪಟ್ಟಿಯಲ್ಲಿ ಅದರ ನಂಬರ್ 13. ಕಾಗದ ಮೇಲೇರುವುದು ಲೈನ್ ಫೀಡ್, ಅಂದರೆ ಎಲ್‌ಎಫ್. ಅದರ ನಂಬರ್ 10.

ಡಾಸ್ ಮತ್ತು ವಿಂಡೋಸ್ ಎರಡನ್ನೂ ಉಳಿಸಿಕೊಂಡವು. ಅಲ್ಲಿ ಪ್ರತಿ ಸಾಲಿನ ಕೊನೆಗೆ ಸಿಆರ್‌ಎಲ್‌ಎಫ್ ಇರುತ್ತದೆ. ಯುನಿಕ್ಸ್, ಲಿನಕ್ಸ್, ಈಗಿನ ಮ್ಯಾಕ್ ಇವೆಲ್ಲ ಎಲ್‌ಎಫ್ ಒಂದನ್ನೇ ಇಟ್ಟುಕೊಂಡವು. ಹಳೆಯ ಮ್ಯಾಕ್‌ನಲ್ಲಿ ಬರೀ ಸಿಆರ್ ಇತ್ತು, ಅದು ಈಗ ಬಹಳ ಅಪರೂಪ.

ಪ್ಯಾಚ್ ಅನ್ನುವುದು ತೇಪೆಯೇ. ‘ಈ ಮೂರು ಸಾಲು ಎಲ್ಲಿದೆ ನೋಡು, ಅದರ ಕೆಳಗೆ ಇದನ್ನು ಹೊಲಿ’ ಅನ್ನುವ ಸೂಚನೆ. ಹುಡುಕುವ ಸಾಲಿಗೂ ಫೈಲಿನ ಸಾಲಿಗೂ ಅಕ್ಷರ ಅಕ್ಷರ ಕೂಡಬೇಕು. ನಮ್ಮ ಕಣ್ಣಿಗೆ ಎರಡೂ ‘ಹಮಾಲಿ = ಬಾಕ್ಸ್ × ದರ’ ಅಂತ ಒಂದೇ ಥರ ಕಾಣುತ್ತದೆ. ಪ್ಯಾಚ್ ಹಾಕುವ ಪ್ರೋಗ್ರಾಂಗೆ ಮಾತ್ರ ಒಂದರ ಬಾಲದಲ್ಲಿ 13 ಇದೆ, ಇನ್ನೊಂದರಲ್ಲಿ ಇಲ್ಲ.

ಕೈ ಹಾಕುವ ಮೊದಲು ಎಣಿಸಿ

ದೋಷ ಮೂರು ಕಡೆ ಇರಬಹುದು. ತೇಪೆ ಬೀಳಬೇಕಾದ ಫೈಲು, ಪ್ಯಾಚ್ ಫೈಲು, ಇಲ್ಲವೇ ನಡುವೆ ನಿಂತು ‘ಸಹಾಯ’ ಮಾಡಿದ ಎಡಿಟರ್. ಮೊದಲ ಎರಡನ್ನು ಎಣಿಸಿದರೆ ಮೂರನೆಯದು ತಾನಾಗಿ ಸಿಕ್ಕಿಬೀಳುತ್ತದೆ.

ನಾನು ಈಗ ಮೊದಲು ಓಡಿಸುವುದು ‘ಡಾಸ್2ಯುನಿಕ್ಸ್ ಡ್ಯಾಶ್ ಐ’, ಮುಂದೆ ಫೈಲಿನ ಹೆಸರು. ಹೆಸರು ನೋಡಿ ಹೆದರಬೇಡಿ. ಡ್ಯಾಶ್ ಐ ಹಾಕಿದರೆ ಅದು ಏನನ್ನೂ ಬದಲಿಸುವುದಿಲ್ಲ, ಸುಮ್ನೆ ಎಣಿಸಿ ಹೇಳುತ್ತದೆ. ಡಾಸ್ ಸಾಲು ಇಷ್ಟು, ಯುನಿಕ್ಸ್ ಸಾಲು ಇಷ್ಟು, ಮ್ಯಾಕ್ ಸಾಲು ಇಷ್ಟು, ಶುರುವಿನಲ್ಲಿ ಬಿಒಎಂ (ಯುನಿಕೋಡ್ ಫೈಲಿನ ತಲೆಯಲ್ಲಿ ಕೂರುವ ಕಾಣದ ಗುರುತು) ಇದೆಯೋ ಇಲ್ಲವೋ, ಎಲ್ಲ ಒಂದೇ ಸಾಲಿನಲ್ಲಿ. ಮಂಡಿಯ ಫೈಲಿಗೆ ಡಾಸ್ 612, ಯುನಿಕ್ಸ್ 0 ಅಂತ ಬಂತು. ಗೆಳೆಯನ ಪ್ಯಾಚ್‌ಗೆ ಡಾಸ್ 0. ಅಷ್ಟೇ, ರೋಗ ಗೊತ್ತಾಯಿತು. ಬೆಳಗ್ಗೆಯೇ ಇದನ್ನು ಮಾಡಿದ್ದರೆ ಮಧ್ಯಾಹ್ನದ ಊಟ ತಪ್ಪುತ್ತಿರಲಿಲ್ಲ.

ಆ ಪ್ರೋಗ್ರಾಂ ಇಲ್ಲದಿದ್ದರೆ ಬ್ಯಾಷ್‌ನಲ್ಲಿ (ಲಿನಕ್ಸಿನಲ್ಲಿ ಕಮಾಂಡ್ ಹೊಡೆಯುವ ಜಾಗ) ‘ಗ್ರೆಪ್ ಡ್ಯಾಶ್ ಸಿ’ ಹಾಕಿ, ಡಾಲರ್ ಗುರುತು ಹೊಡೆದು, ಒಂಟಿ ಕೋಟ್‌ಗಳ ಒಳಗೆ ಬ್ಯಾಕ್‌ಸ್ಲ್ಯಾಶ್ ಆರ್ ಬರೆದು, ಫೈಲಿನ ಹೆಸರು ಕೊಡಿ. ಸಿಆರ್ ಇರುವ ಸಾಲು ಎಷ್ಟು ಅಂತ ಬರುತ್ತದೆ. ‘ಡಬ್ಲ್ಯುಸಿ ಡ್ಯಾಶ್ ಎಲ್’ ಒಟ್ಟು ಸಾಲು ಹೇಳುತ್ತದೆ. ಎರಡೂ ಸಮ ಇದ್ದರೆ ಪೂರ್ತಿ ವಿಂಡೋಸ್ ಫೈಲು. ಮೊದಲನೆಯದು ಸೊನ್ನೆ ಇದ್ದರೆ ಪೂರ್ತಿ ಯುನಿಕ್ಸ್. ನಡುವೆ ಎಲ್ಲೋ ಇದ್ದರೆ ಬೆರಕೆ, ತಲೆನೋವು ಅಲ್ಲಿಯೇ ಇರುವುದು.

‘ಕ್ಯಾಟ್ ಡ್ಯಾಶ್ ದೊಡ್ಡ ಎ’ ಹಾಕಿ ಅಂತ ಬಹಳ ಜನ ಹೇಳುತ್ತಾರೆ. ಸಾಲಿನ ಕೊನೆಯಲ್ಲಿ ಟೋಪಿ-ಎಂ (^M) ಕಂಡರೆ ಅದು ಸಿಆರ್. ಇಂಗ್ಲಿಷ್ ಫೈಲಿಗೆ ಸರಿ. ನಮ್ಮ ಫೈಲಿನಲ್ಲಿ ಬಿಲ್ಲಿನ ಮೇಲೆ ಅಚ್ಚಾಗುವ ಕನ್ನಡ ಇದೆ. ಯುನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಕ್ಯಾಟ್ ಅವನ್ನೆಲ್ಲ ಬಿಡಿಸಿ ಇಡುತ್ತದೆ. ಇಡೀ ತೆರೆ ಕಸದ ರಾಶಿಯ ಹಾಗೆ ಕಾಣುತ್ತದೆ. ಅದರಲ್ಲಿ ಟೋಪಿ-ಎಂ ಹುಡುಕುವುದು ಬೇಡ, ಎಣಿಸುವ ದಾರಿಯೇ ವಾಸಿ.

ನಾನು ಮಾಡಿದ ತಪ್ಪು, ಎರಡು ಸಲ

ಆ ದಿನ ನಾನು ಮೊದಲು ಮಾಡಿದ್ದು ಮಂಡಿಯ ಫೋಲ್ಡರಿನಲ್ಲಿದ್ದ ಎಲ್ಲ ಫೈಲನ್ನೂ ಒಂದೇ ಏಟಿಗೆ ಎಲ್‌ಎಫ್ ಮಾಡಿದ್ದು. ಪ್ಯಾಚ್ ಕೂತಿತು. ಖುಷಿಯಿಂದ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್. ‘ಏನಪ್ಪಾ, ದರದ ಫೈಲು ತೆಗೆದರೆ ಎಲ್ಲ ಒಂದೇ ಸಾಲಾಗಿ ಬಿಟ್ಟಿದೆ!’ ಹಮಾಲಿ ದರ ಬದಲಾದಾಗ ಅವರು ಒಂದು ಚಿಕ್ಕ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತಿದ್ದುತ್ತಾರೆ. ಅವರದು ಹಳೆಯ ವಿಂಡೋಸ್. ನೋಟ್‌ಪ್ಯಾಡ್ ಬರೀ ಎಲ್‌ಎಫ್ ಇರುವ ಫೈಲನ್ನು ಸರಿಯಾಗಿ ತೋರಿಸಲು ಕಲಿತದ್ದೇ 2018ರಲ್ಲಿ, ಅದೂ ವಿಂಡೋಸ್ 10ರಲ್ಲಿ. ಮಂಡಿಯ ಕಂಪ್ಯೂಟರಿಗೆ ಆ ಭಾಗ್ಯ ಇಲ್ಲ.

ಸರಿ, ಹಳೆಯ ಪ್ರತಿ ವಾಪಸ್ ಇಟ್ಟೆ. ಈ ಸಲ ಫೈಲು ಮುಟ್ಟುವುದು ಬೇಡ, ಪ್ಯಾಚನ್ನೇ ಬದಲಿಸೋಣ ಅಂದುಕೊಂಡೆ. ಎಡಿಟರಿನಲ್ಲಿ ಪ್ಯಾಚ್ ತೆಗೆದು, ಕೆಳಗೆ ಎಲ್‌ಎಫ್ ಅಂತಿದ್ದುದನ್ನು ಸಿಆರ್‌ಎಲ್‌ಎಫ್ ಮಾಡಿ ಸೇವ್ ಮಾಡಿದೆ. ಈಗ ಫೈಲೂ ಸಿಆರ್‌ಎಲ್‌ಎಫ್, ಪ್ಯಾಚೂ ಸಿಆರ್‌ಎಲ್‌ಎಫ್. ಓಡಿಸಿದೆ. ಮತ್ತೆ ಅದೇ ‘ಡಿಫರೆಂಟ್ ಲೈನ್ ಎಂಡಿಂಗ್ಸ್’. ಎರಡೂ ಒಂದೇ ಇರುವಾಗ ಡಿಫರೆಂಟ್ ಹೇಗೆ?

ಉತ್ತರ ಅದರ ಹಿಂದಿನ ಸಾಲಿನಲ್ಲೇ ಇತ್ತು. ‘ಸ್ಟ್ರಿಪಿಂಗ್ ಟ್ರೇಲಿಂಗ್ ಸಿಆರ್ಸ್ ಫ್ರಮ್ ಪ್ಯಾಚ್’ ಅಂತ ಹೇಳಿ, ಬೇಡವಾದರೆ ‘ಡ್ಯಾಶ್ ಡ್ಯಾಶ್ ಬೈನರಿ’ ಹಾಕು ಅಂತಲೂ ಹೇಳಿತ್ತು. ನಾನು ಪ್ಯಾಚ್ ಹಾಕಲು ಬಳಸುವ ಪ್ರೋಗ್ರಾಂ ಗ್ನೂ ಪ್ಯಾಚ್, ಅದರ ಅಭ್ಯಾಸ ಇದು. ಪ್ಯಾಚಿನ ತಲೆಬರಹದ ಸಾಲುಗಳ ಕೊನೆಗೆ ಸಿಆರ್ ಕಂಡರೆ, ‘ಓಹೋ, ಇದನ್ನು ದಾರಿಯಲ್ಲಿ ಯಾರೋ ಕೆಡಿಸಿದ್ದಾರೆ’ ಅಂದುಕೊಂಡು ಇಡೀ ಪ್ಯಾಚಿನ ಸಿಆರ್ ಕಿತ್ತುಹಾಕುತ್ತದೆ. ತಲೆಬರಹ ಅಂದರೆ ಮೂರು ಮೈನಸ್, ಮೂರು ಪ್ಲಸ್ ಇರುವ ಸಾಲುಗಳು. ಫೈಲು ಎಲ್‌ಎಫ್ ಇದ್ದರೆ ಈ ಊಹೆ ಒಳ್ಳೆಯದೇ, ತೊಂದರೆಯಿಲ್ಲದೆ ಕೆಲಸ ಆಗುತ್ತದೆ. ಫೈಲು ಸಿಆರ್‌ಎಲ್‌ಎಫ್ ಇದ್ದರೆ ನೀವು ಕಷ್ಟಪಟ್ಟು ಹಾಕಿದ್ದನ್ನು ಅದು ಕಿತ್ತು, ಆಮೇಲೆ ಕೂಡುತ್ತಿಲ್ಲ ಅನ್ನುತ್ತದೆ.

ಡ್ಯಾಶ್ ಡ್ಯಾಶ್ ಬೈನರಿ ಹಾಕಿದೆ. ಕೂತಿತು.

ಬೆರಕೆಯಾಗಿಯೇ ಇರಬೇಕಾದ ಪ್ಯಾಚ್

ಇದು ಗೊತ್ತಾಗಲು ನನಗೆ ಬಹಳ ದಿನ ಹಿಡಿಯಿತು, ಅದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಸಿಆರ್‌ಎಲ್‌ಎಫ್ ಇರುವ ಫೈಲಿನ ಎರಡು ಪ್ರತಿಗಳನ್ನು ಲಿನಕ್ಸಿನಲ್ಲಿ ಡಿಫ್ ಮಾಡಿದರೆ, ಅಂದರೆ ಹೋಲಿಸಿ ವ್ಯತ್ಯಾಸ ತೆಗೆದರೆ, ಬರುವ ಪ್ಯಾಚ್ ಹೇಗಿರುತ್ತದೆ ಯೋಚಿಸಿ. ತಲೆಬರಹ, ಎರಡೆರಡು ಅಟ್ ಗುರುತಿನ ಸಾಲು, ಇವನ್ನು ಡಿಫ್ ತಾನೇ ಬರೆಯುತ್ತದೆ. ಅವುಗಳ ಕೊನೆಗೆ ಎಲ್‌ಎಫ್ ಮಾತ್ರ. ಒಳಗಿನ ಸಾಲುಗಳು ಫೈಲಿನಿಂದ ಬಂದವು, ಅವು ತಮ್ಮ ಸಿಆರ್ ಹೊತ್ತುಕೊಂಡೇ ಬರುತ್ತವೆ. ಅಂದರೆ ಸರಿಯಾದ ಪ್ಯಾಚ್ ಬೆರಕೆಯಾಗಿಯೇ ಇರುತ್ತದೆ. ಪ್ರೋಗ್ರಾಮಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ಡಿಫ್ ಕೊಡುವುದೂ ಹೀಗೆಯೇ.

ಈ ಪ್ಯಾಚನ್ನು ಎಡಿಟರಿನಲ್ಲಿ ತೆಗೆದು, ಒಂದು ಕಾಮೆಂಟ್ ತಿದ್ದಿ, ಸೇವ್ ಮಾಡಿದಿರಿ ಅಂತಿಟ್ಟುಕೊಳ್ಳಿ. ಹಲವು ಎಡಿಟರುಗಳು ಬೆರಕೆಯನ್ನು ಸಹಿಸುವುದಿಲ್ಲ. ಎಲ್ಲವನ್ನೂ ಒಂದೇ ಬಗೆಗೆ ತಂದುಬಿಡುತ್ತವೆ. ಎಲ್ಲ ಎಲ್‌ಎಫ್ ಆದರೆ ಒಳಗಿನ ಸಾಲು ಫೈಲಿಗೆ ಕೂಡುವುದಿಲ್ಲ. ಎಲ್ಲ ಸಿಆರ್‌ಎಲ್‌ಎಫ್ ಆದರೆ ಗ್ನೂ ಪ್ಯಾಚ್ ಅದನ್ನು ಕಿತ್ತುಹಾಕುತ್ತದೆ, ಆಗಲೂ ಕೂಡುವುದಿಲ್ಲ. ಅತ್ತ ದರಿ ಇತ್ತ ಪುಲಿ. ಆದ್ದರಿಂದ ಪ್ಯಾಚ್ ಒಳಗೆ ಏನಿದೆ ನೋಡಬೇಕೇ? ‘ಲೆಸ್’ ಹಾಕಿ ನೋಡಿ. ಎಡಿಟರಿನಲ್ಲಿ ತೆಗೆದರೆ ಸೇವ್ ಮಾತ್ರ ಒತ್ತಬೇಡಿ.

ಎಣಿಸಿದಾಗ ಪ್ಯಾಚಿನಲ್ಲಿ ಬೆರಕೆ ಕಂಡರೆ ಗಾಬರಿ ಬೇಡ. ಯುನಿಕ್ಸ್ ಸಾಲು ನಾಲ್ಕೈದು, ಉಳಿದದ್ದೆಲ್ಲ ಡಾಸ್ ಅಂತ ಬಂದರೆ ಅದು ಆರೋಗ್ಯವಾಗಿರುವ ಪ್ಯಾಚ್. ಫೈಲಿನಲ್ಲಿ ಬೆರಕೆ ಕಂಡರೆ ಮಾತು ಬೇರೆ.

ಯಾವ ಎಡಿಟರ್ ಏನು ತೋರಿಸುತ್ತದೆ

ವಿಎಸ್ ಕೋಡ್‌ನಲ್ಲಿ ಕೆಳಗೆ ಬಲಗಡೆ ಎಲ್‌ಎಫ್ ಅಥವಾ ಸಿಆರ್‌ಎಲ್‌ಎಫ್ ಅಂತ ಇರುತ್ತದೆ. ಅದನ್ನು ಒತ್ತಿ ಬದಲಿಸಬಹುದು. ಆದರೆ ಅದು ತೋರಿಸುವುದು ಒಂದೇ ಉತ್ತರ. ಬೆರಕೆ ಫೈಲನ್ನು ತೆಗೆಯುವಾಗಲೇ ಒಂದೇ ಬಗೆಗೆ ತಂದಿರುತ್ತದೆ, ನಿಮಗೆ ಬೆರಕೆ ಕಾಣುವುದೇ ಇಲ್ಲ. ಹಾಗಾಗಿ ಆ ಮೂಲೆಯಲ್ಲಿ ಕಂಡದ್ದನ್ನು ಸಾಕ್ಷಿ ಅಂತ ನಾನು ಒಪ್ಪುವುದಿಲ್ಲ.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಈ ವಿಷಯದಲ್ಲಿ ಒಳ್ಳೆಯದು. ವ್ಯೂ ಮೆನುವಿನಲ್ಲಿ ಶೋ ಸಿಂಬಲ್, ಅದರೊಳಗೆ ಶೋ ಎಂಡ್ ಆಫ್ ಲೈನ್. ಪ್ರತಿ ಸಾಲಿನ ಕೊನೆಗೂ ಸಿಆರ್, ಎಲ್‌ಎಫ್ ಪೆಟ್ಟಿಗೆಗಳು ಕಾಣುತ್ತವೆ. ಬೆರಕೆ ಇದ್ದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಫೋನಿನಲ್ಲಿ ಗುಮಾಸ್ತರಿಗೆ ಹೇಳುವಾಗ ನಾನು ಇದನ್ನೇ ಹಾಕಿಸಿಕೊಳ್ಳಲು ಹೇಳಿದ್ದು.

ವಿಮ್ ನನಗೆ ಇಷ್ಟ. ಎಲ್ಲ ಸಾಲೂ ಸಿಆರ್‌ಎಲ್‌ಎಫ್ ಇದ್ದರೆ ಕೆಳಗೆ ‘ಡಾಸ್’ ಅನ್ನುತ್ತದೆ. ಒಂದೇ ಒಂದು ಸಾಲು ತಪ್ಪಿದರೂ ಯುನಿಕ್ಸ್ ಫೈಲು ಅಂದುಕೊಂಡು, ಉಳಿದ ಸಾಲುಗಳ ಬಾಲದಲ್ಲಿ ಟೋಪಿ-ಎಂ ತೋರಿಸುತ್ತದೆ. ನೋಡಲು ಕೆಟ್ಟದಾಗಿ ಕಾಣುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ. ಸೇವ್ ಮಾಡಿದರೂ ಆ ಸಿಆರ್‌ಗಳು ಹಾಗೇ ಉಳಿಯುತ್ತವೆ. ಬೆರಕೆ ಪ್ಯಾಚನ್ನು ತಿದ್ದಲೇಬೇಕು ಅಂದರೆ ಇದರಲ್ಲೇ ತಿದ್ದಿ. ಕೋಲನ್, ಸೆಟ್, ಎಫ್‌ಎಫ್, ಪ್ರಶ್ನೆ ಗುರುತು ಹೊಡೆದರೆ ಈಗಿನ ಬಗೆ ಯಾವುದು ಅಂತ ಹೇಳುತ್ತದೆ. ಈಮ್ಯಾಕ್ಸ್ ಕೂಡ ಹೆಚ್ಚುಕಡಿಮೆ ಹೀಗೆಯೇ, ಕೆಳಗಿನ ಪಟ್ಟಿಯಲ್ಲಿ ‘ಡಾಸ್’ ಅಂತ ಬರುತ್ತದೆ.

ಸರಿಪಡಿಸುವುದು

ಮೊದಲು ಫೈಲಿನ ಒಂದು ಪ್ರತಿ ಪಕ್ಕಕ್ಕಿಡಿ. ಆಮೇಲೆ ಗ್ನೂ ಪ್ಯಾಚ್ ಆದರೆ ‘ಡ್ಯಾಶ್ ಡ್ಯಾಶ್ ಡ್ರೈ-ರನ್’, ಗಿಟ್ ಆದರೆ ‘ಗಿಟ್ ಅಪ್ಲೈ ಡ್ಯಾಶ್ ಡ್ಯಾಶ್ ಚೆಕ್’. ಎರಡೂ ಏನನ್ನೂ ಮುಟ್ಟದೆ ಕೂರುತ್ತದೋ ಇಲ್ಲವೋ ಹೇಳುತ್ತವೆ.

ಫೈಲು ಪೂರ್ತಿ ಸಿಆರ್‌ಎಲ್‌ಎಫ್, ಪ್ಯಾಚ್ ಪೂರ್ತಿ ಎಲ್‌ಎಫ್ ಇದ್ದರೆ ನನ್ನ ದಾರಿ ಇದು. ತೇಪೆ ಬೀಳುವ ಆ ಒಂದೇ ಫೈಲಿಗೆ ಡಾಸ್2ಯುನಿಕ್ಸ್, ಆಮೇಲೆ ಪ್ಯಾಚ್, ಆಮೇಲೆ ಯುನಿಕ್ಸ್2ಡಾಸ್. ಹೋಗಿ ಬರುವ ದಾರಿ ಒಂದೇ ಆದ್ದರಿಂದ ಏನೂ ಕೆಡುವುದಿಲ್ಲ. ಪ್ಯಾಚಿಗೆ ಯುನಿಕ್ಸ್2ಡಾಸ್ ಮಾಡಿ ಡ್ಯಾಶ್ ಡ್ಯಾಶ್ ಬೈನರಿ ಹಾಕಿದರೂ ಆಗುತ್ತದೆ. ಹತ್ತಾರು ಫೈಲು ಮುಟ್ಟುವ ಪ್ಯಾಚ್ ಆದರೆ ಈ ಎರಡನೆಯದೇ ಸುಲಭ.

ಫೈಲು ಎಲ್‌ಎಫ್, ಪ್ಯಾಚ್ ಸಿಆರ್‌ಎಲ್‌ಎಫ್ ಇದ್ದರೆ ಪ್ಯಾಚಿಗೆ ಡಾಸ್2ಯುನಿಕ್ಸ್ ಹಾಕಿ, ಮುಗಿಯಿತು.

ಫೈಲೇ ಬೆರಕೆ ಇದ್ದರೆ ಹೋಗಿ ಬರುವ ದಾರಿ ನಡೆಯುವುದಿಲ್ಲ. ವಾಪಸ್ ಬರುವಾಗ ಯಾವ ಸಾಲು ಮೊದಲು ಹೇಗಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ. ಆಗ ಫೈಲನ್ನು ಒಂದು ಬಗೆಗೆ ತರುವುದನ್ನು ಬೇರೆಯೇ ಕೆಲಸ ಮಾಡಿ, ಅದಕ್ಕೆ ಗಿಟ್‌ನಲ್ಲಿ ಬೇರೆ ಕಮಿಟ್ (ಬದಲಾವಣೆಯ ದಾಖಲೆ) ಕೊಡಿ. ಪ್ಯಾಚ್ ಆಮೇಲೆ. ಎರಡನ್ನೂ ಸೇರಿಸಿದರೆ ಮುಂದೆ ನೋಡುವವರಿಗೆ ಮೂರು ಸಾಲಿನ ಬದಲಾವಣೆ 612 ಸಾಲಿನ ಹಾಗೆ ಕಾಣುತ್ತದೆ.

ಗಿಟ್‌ನಲ್ಲಿ ‘ಡ್ಯಾಶ್ ಡ್ಯಾಶ್ ಇಗ್ನೋರ್-ವೈಟ್‌ಸ್ಪೇಸ್’ ಅಂತ ಒಂದಿದೆ. ಎಲ್ಲರೂ ಮೊದಲು ಅದಕ್ಕೇ ಕೈ ಹಾಕುತ್ತಾರೆ, ನಾನು ಕೊನೆಗೆ. ಅದು ಹುಡುಕುವ ಸಾಲುಗಳ ವ್ಯತ್ಯಾಸವನ್ನು ಮಾತ್ರ ಕಡೆಗಣಿಸುತ್ತದೆ. ಹೊಸದಾಗಿ ಸೇರುವ ಸಾಲುಗಳು ಪ್ಯಾಚಿನಲ್ಲಿದ್ದ ತುದಿಯನ್ನೇ ತರಬಹುದು. ಪ್ಯಾಚ್ ಕೂತಿತು ಅನ್ನುವಷ್ಟರಲ್ಲಿ ಫೈಲು ಬೆರಕೆ ಆಗಿರುತ್ತದೆ. ಶೆಲ್ ಸ್ಕ್ರಿಪ್ಟ್ (ಲಿನಕ್ಸ್ ಕಮಾಂಡುಗಳ ಫೈಲು) ಆದರೆ ಇದು ಕೂಡಲೇ ಗೊತ್ತಾಗುತ್ತದೆ. ಮೊದಲ ಸಾಲಿನ ಬಾಲಕ್ಕೆ ಸಿಆರ್ ಸೇರಿದರೆ ಸ್ಕ್ರಿಪ್ಟ್ ಓಡುವುದಿಲ್ಲ, ಹಲವು ಕಡೆ ‘ಬ್ಯಾಡ್ ಇಂಟರ್‌ಪ್ರಿಟರ್’ ಅನ್ನುತ್ತದೆ, ಬ್ಯಾಷ್ ಎದುರಿಗೇ ಇದ್ದರೂ.

ಕೆಲಸ ಮುಗಿದ ಮೇಲೆ ಪಕ್ಕಕ್ಕಿಟ್ಟ ಪ್ರತಿಗೂ ಹೊಸ ಫೈಲಿಗೂ ಡಿಫ್ ಮಾಡಿ. ಪ್ಯಾಚಿನಲ್ಲಿ ಎಷ್ಟು ಸಾಲಿತ್ತೋ ಅಷ್ಟೇ ಬರಬೇಕು. ನನಗೆ ಮೂರು ಬರಬೇಕಿತ್ತು, ಮೂರೇ ಬಂತು.

ದಾರಿಯಲ್ಲಿ ಕೆಡುವುದು

ಪ್ಯಾಚನ್ನು ವಾಟ್ಸ್ಯಾಪಿನಲ್ಲಿ ಮೆಸೇಜ್ ಆಗಿ ಅಂಟಿಸಿ ಕಳಿಸಬೇಡಿ. ಟ್ಯಾಬ್, ಸ್ಪೇಸ್, ಸಾಲಿನ ತುದಿ ಯಾವುದಕ್ಕೂ ಭರವಸೆ ಇಲ್ಲ. ಜಿಪ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ. ಮೇಲ್‌ನ ಒಡಲಲ್ಲಿ ಬಂದ ಪ್ಯಾಚಿಗೂ ಎಚ್ಚರ. ಮೇಲ್ ಸಾಗಿಸುವ ನಿಯಮದಲ್ಲೇ ಪ್ರತಿ ಸಾಲಿನ ಕೊನೆಗೆ ಸಿಆರ್‌ಎಲ್‌ಎಫ್ ಇರುತ್ತದೆ. ಆದ್ದರಿಂದ ‘ಗಿಟ್ ಎಎಂ’ ಸಾಮಾನ್ಯವಾಗಿ ಸಿಆರ್ ತೆಗೆದುಹಾಕುತ್ತದೆ. ಫೈಲಿಗೆ ಸಿಆರ್ ಬೇಕೇ ಬೇಕು ಅಂದರೆ ‘ಡ್ಯಾಶ್ ಡ್ಯಾಶ್ ಕೀಪ್-ಸಿಆರ್’ ಹಾಕಬೇಕು.

ವಿಂಡೋಸ್ ಪವರ್‌ಶೆಲ್ 5.1ರಲ್ಲಿ ಗಿಟ್ ಡಿಫ್ ಹೊಡೆದು ಬಾಣದ ಗುರುತಿನಿಂದ ಫೈಲಿಗೆ ಕಳಿಸಿದರೆ ಇನ್ನೊಂದು ಅವಾಂತರ. ಅದು ಯುಟಿಎಫ್-16ರಲ್ಲಿ ಬರೆಯುತ್ತದೆ. ಗಿಟ್ ಅದನ್ನು ಪ್ಯಾಚ್ ಅಂತಲೇ ಗುರುತಿಸುವುದಿಲ್ಲ. ಬಾಣ ಬಿಟ್ಟು ‘ಡ್ಯಾಶ್ ಡ್ಯಾಶ್ ಔಟ್‌ಪುಟ್’ ಹಾಕಿ ಫೈಲಿನ ಹೆಸರು ಕೊಡಿ.

ತುದಿ ಸರಿಯಿದ್ದೂ ಕೂರದಿದ್ದರೆ

ಮೊದಲ ಹಂಕ್ ಮಾತ್ರ ಬೀಳುತ್ತಿದ್ದು, ಅದು ಫೈಲಿನ ಒಂದನೆಯ ಸಾಲಿನಲ್ಲಿದ್ದರೆ ಬಿಒಎಂ ಇದೆಯಾ ನೋಡಿ. ಮೂರು ಬೈಟ್, ಕಣ್ಣಿಗೆ ಕಾಣುವುದಿಲ್ಲ. ಕೊನೆಯ ಹಂಕ್ ಬೀಳುತ್ತಿದ್ದರೆ ಕೊನೆಯ ಸಾಲಿಗೆ ಎಂಟರ್ ಇದೆಯಾ ನೋಡಿ.

ಕನ್ನಡ ಇರುವ ಸಾಲಿನಲ್ಲೇ ಬೀಳುತ್ತಿದ್ದರೆ ಅದು ನಮ್ಮದೇ ಕಥೆ. ‘ಟೊಮೊಟೊ’ ಪದವನ್ನೇ ತೆಗೆದುಕೊಳ್ಳಿ. ಒತ್ವದ ಗುರುತು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿ ಇರಬಹುದು, ಇಲ್ಲವೇ ಎತ್ವ ಮತ್ತು ಊತ್ವದ ಗುರುತುಗಳು ಸೇರಿ ಎರಡು ಸಂಕೇತವಾಗಿ ಇರಬಹುದು. ತೆರೆಯ ಮೇಲೆ ಎರಡೂ ಒಂದೇ. ಒಳಗೆ ಮೊದಲನೆಯದು 3 ಬೈಟ್, ಎರಡನೆಯದು 6. ಟೊಮೊಟೊದಲ್ಲಿ ಇದು ಮೂರು ಸಲ ಬರುತ್ತದೆ, ಅಂದರೆ ಒಂದೇ ಪದಕ್ಕೆ 9 ಬೈಟ್ ವ್ಯತ್ಯಾಸ. ‘ಸಾಫ್ಟ್‌ವೇರ್’ ಥರದ ಪದದ ನಡುವೆ ಕಾಣದ ಜೋಡಣೆ ತಡೆ ಇರುತ್ತದಲ್ಲ, ಅದೂ ಹೀಗೆಯೇ ಕಾಡುತ್ತದೆ. ಇಲ್ಲಿ ಡಾಸ್2ಯುನಿಕ್ಸ್ ಏನೂ ಮಾಡಲಾರದು. ಫೈಲಿನಲ್ಲಿರುವ ಸಾಲನ್ನೇ ಪ್ರತಿ ಮಾಡಿಕೊಂಡು ಹೊಸದಾಗಿ ಪ್ಯಾಚ್ ಮಾಡಿಸಿ.

ಈಗ ಹೇಗಿದೆ

ಗೆಳೆಯನ ರೆಪೊದಲ್ಲಿ (ಗಿಟ್ ನೋಡಿಕೊಳ್ಳುವ ಫೋಲ್ಡರ್) ಯಾವ ಫೈಲಿಗೆ ಯಾವ ತುದಿ ಅಂತ ಹೇಳುವ ಗಿಟ್‌ಆಟ್ರಿಬ್ಯೂಟ್ಸ್ ಫೈಲು ಇರಲಿಲ್ಲ, ಹಾಕಿಸಿದೆ. ಎಲ್ಲಕ್ಕೂ ‘ಟೆಕ್ಸ್ಟ್=ಆಟೋ’. ಶೆಲ್ ಸ್ಕ್ರಿಪ್ಟುಗಳಿಗೆ ‘ಇಒಎಲ್=ಎಲ್‌ಎಫ್’ (ಇಒಎಲ್ ಅಂದರೆ ಎಂಡ್ ಆಫ್ ಲೈನ್), ಬ್ಯಾಚ್ ಫೈಲುಗಳಿಗೆ ‘ಇಒಎಲ್=ಸಿಆರ್‌ಎಲ್‌ಎಫ್’. ಪ್ಯಾಚ್ ಫೈಲುಗಳಿಗೆ ‘ಮೈನಸ್ ಟೆಕ್ಸ್ಟ್’, ಅಂದರೆ ಅವುಗಳ ತುದಿಯನ್ನು ಗಿಟ್ ಮುಟ್ಟಬಾರದು. ಆಮೇಲೆ ‘ಗಿಟ್ ಆ್ಯಡ್ ಡ್ಯಾಶ್ ಡ್ಯಾಶ್ ರೀನಾರ್ಮಲೈಜ್’ ಮಾಡಿ ಒಂದೇ ಕಮಿಟ್‌ನಲ್ಲಿ ಹಳೆಯದನ್ನೆಲ್ಲ ಸರಿ ಮಾಡಿದೆವು. ಸರಿಯಾಗಿದೆಯಾ ಅಂತ ‘ಗಿಟ್ ಎಲ್‌ಎಸ್-ಫೈಲ್ಸ್ ಡ್ಯಾಶ್ ಡ್ಯಾಶ್ ಇಒಎಲ್’ ತೋರಿಸುತ್ತದೆ. ಪ್ರತಿ ಫೈಲಿಗೂ ರೆಪೊದಲ್ಲಿ ಏನಿದೆ, ಕೈಯಲ್ಲಿರುವ ಪ್ರತಿಯಲ್ಲಿ ಏನಿದೆ ಅಂತ ಅಕ್ಕಪಕ್ಕ ಬರುತ್ತದೆ.

ದರದ ಫೈಲಿಗೆ ಮಾತ್ರ ಬೇರೆ ಒಂದು ಸಾಲು ಬರೆದಿದ್ದೇವೆ, ಅದು ಯಾವಾಗಲೂ ಸಿಆರ್‌ಎಲ್‌ಎಫ್. ಗೆಳೆಯ ಯಾಕೆ ಅಂತ ಕೇಳಿದ. ಗುಮಾಸ್ತರು ಇನ್ನೂ ಅದೇ ಹಳೆಯ ನೋಟ್‌ಪ್ಯಾಡ್‌ನಲ್ಲೇ ತಿದ್ದುತ್ತಾರೆ ಅಂದೆ.